ಅತ್ತಿಗೆಯ ಲಂಬ, ನಿಂಗಮ್ಮನ ಕೊಸರು

ಲೆಕ್ಕದ ಮೇಷ್ಟರಿಗೆ ಊರಿನಲ್ಲಿ ಇರುವ ಗೌರವ ಮನೆಯಲ್ಲಿ ಇರುವುದಿಲ್ಲ. ಇದನ್ನು ನಾನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಳವಳ್ಳಿಯ ಪೇಟೆಬೀದಿಯಲ್ಲಿ ನಾನು ಕೋಟು ಹಾಕಿಕೊಂಡು, ಕೊಡೆ ಕಂಕುಳಲ್ಲಿಟ್ಟುಕೊಂಡು ನಡೆದರೆ ಜವಳಿ ಅಂಗಡಿಯವನು ಗಜದ ಕೋಲನ್ನು ಪಕ್ಕಕ್ಕಿಟ್ಟು ನಮಸ್ಕಾರ ಮಾಡುತ್ತಾನೆ. ಹೊಲದ ಮೂಲೆಯ ಜಗಳ, ಬಾವಿಯ ಆಳದ ಜಗಳ, ಅಣ್ಣತಮ್ಮಂದಿರ ಗೋಡೆಯ ಜಗಳ ಎಲ್ಲವೂ ಒಂದಲ್ಲ ಒಂದು ದಿನ ನಮ್ಮ ಜಗುಲಿಗೆ ಬಂದು ಕೂರುತ್ತವೆ. ಆದರೆ ಹೊಸ್ತಿಲು ದಾಟಿ ಒಳಗೆ ಬಂದೆನೋ, 'ಶೀನೂ, ಒರಳ ಮೇಲೆ ಕೂರಬೇಡ ಅಂತ ಎಷ್ಟು ಸಲ ಹೇಳೋದು?' ಎಂಬ ಮಾತಿನಿಂದ ನನ್ನ ವಿದ್ಯೆಯೆಲ್ಲ ಹೊರಗೇ ಉಳಿದುಬಿಡುತ್ತದೆ. ನಮ್ಮ ಶಾಲೆಯ ಕನ್ನಡ ಪಂಡಿತರಿಗೆ ಈ ಕಷ್ಟವಿಲ್ಲ. ಅವರು ಮನೆಯಲ್ಲಿ ಒಂದು ಪದ್ಯ ಹೇಳಿದರೆ ಹೆಂಡತಿ ಮಕ್ಕಳು ಅರ್ಥವಾಗದಿದ್ದರೂ ತಲೆದೂಗುತ್ತಾರಂತೆ. ತ್ರಿಭುಜಕ್ಕೆ ತಲೆದೂಗುವವರನ್ನು ನಾನು ಈವರೆಗೆ ಒಬ್ಬರನ್ನೇ ಕಂಡಿದ್ದೇನೆ. ಅವರ ವಿಷಯವನ್ನೇ ಈಗ ಹೇಳಹೊರಟಿರುವುದು.

ಅವರು ನನ್ನ ಅತ್ತಿಗೆ, ಕಮಲಮ್ಮ. ನಮ್ಮಣ್ಣನ ಕೈಹಿಡಿದು ಅವರು ಈ ಮನೆಗೆ ಬಂದಾಗ ನಾನು ಮೂಗು ಒರೆಸಿಕೊಳ್ಳಲೂ ಸರಿಯಾಗಿ ಬಾರದ ಹುಡುಗ. ನನ್ನ ಅಂಗಿಯ ಗುಂಡಿ ಹಾಕಿ, ಜುಟ್ಟು ಬಾಚಿ, ಮಗ್ಗಿ ತಪ್ಪಿದರೆ ಕಿವಿ ಹಿಂಡಿ ಶಾಲೆಗೆ ಅಟ್ಟುತ್ತಿದ್ದವರು ಅವರೇ. ಅಣ್ಣ ವಿಷಮಜ್ವರದಲ್ಲಿ ತೀರಿಹೋದ ಮೇಲೆ ಮನೆಯಲ್ಲಿ ಅಮ್ಮ, ಅತ್ತಿಗೆ, ನಾನು ಮೂವರೇ ಉಳಿದೆವು. ವರ್ಷದ ಕರ್ಮಗಳು ಮುಗಿದವು. ಅತ್ತಿಗೆಯ ಅಣ್ಣ ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಶ್ಯಾನುಭೋಗರು. ಅವರು ಒಂದು ದಿನ ಬಂದು ಜಗುಲಿಯಲ್ಲಿ ಕೂತು, 'ಕಮಲೂ ಇನ್ನು ನಮ್ಮನೆಗೇ ಬಂದುಬಿಡಲಿ. ನಮ್ಮವಳಿಗೂ ಕೈಗೆ ಒಬ್ಬರು ಆದ ಹಾಗೆ ಆಗತ್ತೆ' ಅಂದರು. ಈ 'ಕೈಗೆ ಆಗೋದು' ಎಂದರೆ ಏನೆಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಇನ್ನೊಬ್ಬರ ಒಲೆಯ ಮುಂದೆ ಕೂತು, ಉಳಿದ ಆಯುಷ್ಯವನ್ನು ಊದುಕೊಳವೆಯಲ್ಲಿ ಊದಿಬಿಡುವುದು. ಅತ್ತಿಗೆ ಬಾಗಿಲ ಮರೆಯಿಂದಲೇ ಹೇಳಿದರು: 'ಅಣ್ಣಯ್ಯ, ಮದ್ದೂರಿನ ಹೆಣ್ಣುಮಕ್ಕಳ ಶಾಲೆಗೆ ಒಬ್ಬ ಉಪಾಧ್ಯಾಯಿನಿ ಬೇಕಂತೆ. ಲೋಯರ್ ಸೆಕೆಂಡರಿ ಪಾಸಾಗಿರಬೇಕಂತೆ. ನಾನು ಪರೀಕ್ಷೆಗೆ ಕೂತ್ಕೋತೀನಿ.' ಶ್ಯಾನುಭೋಗರು ಮೊದಲು ನಕ್ಕರು, ಆಮೇಲೆ ಅಮ್ಮನ ಮುಖ ನೋಡಿದರು. ಅಮ್ಮ ಜಪಸರ ತಿರುಗಿಸುತ್ತಾ, 'ಕೂತ್ಕೊಳ್ಳಲಿ ಬಿಡಿ' ಅಂದಳು. 'ಸರಿ, ಒಂದೇ ಸಲ. ಪಾಸಾದ್ರೆ ನಿನ್ನ ಇಷ್ಟ. ಇಲ್ಲದಿದ್ರೆ ನಾನು ಗಾಡಿ ಕಟ್ಟಿಸಿಕೊಂಡು ಬರ್ತೀನಿ, ಆಗ ಎದುರಾಡಬಾರದು' ಎಂದು ಶ್ಯಾನುಭೋಗರು ಎದ್ದುಹೋದರು. ಹೀಗೆ ನನ್ನ ಕಿವಿ ಹಿಂಡಿದವರಿಗೆ ನಾನೇ ಮೇಷ್ಟರಾದೆ.

ಪಾಠ ನಡೆಯುತ್ತಿದ್ದುದು ಅಡುಗೆಮನೆಯಲ್ಲಿ. ಅತ್ತಿಗೆ ಒಲೆಯ ಈಚೆ, ನಾನು ಬಾಗಿಲಲ್ಲಿ ಮಣೆಯ ಮೇಲೆ, ಮಧ್ಯೆ ಒಂದು ಸ್ಲೇಟು. ಕನ್ನಡ, ಚರಿತ್ರೆ, ಭೂಗೋಳ ಇವುಗಳನ್ನೆಲ್ಲ ಅವರು ಸಾರಿಗೆ ಒಗ್ಗರಣೆ ಹಾಕುವಷ್ಟು ಸಲೀಸಾಗಿ ಮುಗಿಸಿದರು. ರೇಖಾಗಣಿತಕ್ಕೆ ಬಂದಾಗ ನಾನು ಸ್ವಲ್ಪ ಜಂಬದಿಂದಲೇ ಗಂಟಲು ಸರಿಮಾಡಿಕೊಂಡೆ. ಲಂಬಕೋನ ತ್ರಿಭುಜ ಬರೆದೆ. ಲಂಬಕೋನದ ಮೂಲೆಯಿಂದ ಎದುರಿನ ಉದ್ದನೆಯ ಬದಿಗೆ, ಅಂದರೆ ಕರ್ಣಕ್ಕೆ, ನೇರವಾಗಿ ಒಂದು ಗೆರೆ, ಅಂದರೆ ಲಂಬ, ಇಳಿಸಿದೆ. ಈ ಗೆರೆಯ ಉದ್ದ ಕಂಡುಹಿಡಿಯುವುದೇ ನಮ್ಮ ಪರೀಕ್ಷಕರಿಗೆ ಬಹಳ ಪ್ರಿಯವಾದ ಲೆಕ್ಕ. ಶಾಲೆಯಲ್ಲಿ ಇದನ್ನು ಹುಡುಗರ ತಲೆಗೆ ತುಂಬಲು ನನಗೆ ಒಂದು ಇಡೀ ಮಾಸ ಹಿಡಿಯುತ್ತದೆ. ಮಾಸದ ಕೊನೆಗೂ ಅವರು ನನ್ನನ್ನು ನೋಡುವ ನೋಟದಲ್ಲಿ ಜ್ಞಾನಕ್ಕಿಂತ ದಯೆಯೇ ಹೆಚ್ಚಾಗಿರುತ್ತದೆ. ಅತ್ತಿಗೆ ಒಂದು ಗಳಿಗೆ ಸ್ಲೇಟು ನೋಡಿದರು. ಕುಪ್ಪಸ ಹೊಲಿದು ಉಳಿದಿದ್ದ ಒಂದು ಮೂಲೆ ತುಂಡು ಬಟ್ಟೆಯನ್ನು ಗೂಡಿನಿಂದ ತೆಗೆದು ನೆಲದ ಮೇಲೆ ಹರಡಿದರು. 'ಈ ಮಗ್ಗುಲಿಗೆ ಮಲಗಿಸಿದರೂ ಬಟ್ಟೆ ಇಷ್ಟೇ, ಆ ಮಗ್ಗುಲಿಗೆ ಮಲಗಿಸಿದರೂ ಇಷ್ಟೇ. ಅಲ್ಲವೇನೋ? ಹಾಗಾದರೆ ಚಿಕ್ಕ ಬದಿಗಳೆರಡನ್ನೂ ಗುಣಿಸಿ ದೊಡ್ಡದರಿಂದ ಭಾಗಿಸಿದರೆ ನಿನ್ನ ಗೆರೆ ಬಂತು' ಅಂದರು. ನಾನು ಒಂದು ಪಾಠದ ಪೂರ್ತಿ ಟಿಪ್ಪಣಿ ಮಾಡಿಕೊಂಡು ಬಂದಿದ್ದೆ. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ನಿಜ ಹೇಳುತ್ತೇನೆ, ಆ ಬಟ್ಟೆಯ ತುಂಡನ್ನು ನೋಡಿ ನನಗೆ ಆದ ಸಂತೋಷ ನನ್ನ ಸ್ವಂತ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಅತ್ತಿಗೆಗೆ ಇನ್ನೊಂದು ಅಭ್ಯಾಸವಿತ್ತು. ಲೆಕ್ಕದಲ್ಲಿ ಬರುವ ಹೊಲ ಯಾರದು ಎಂದು ತಿಳಿಯದೆ ಅವರಿಗೆ ಪೆನ್ಸಿಲು ಓಡುತ್ತಿರಲಿಲ್ಲ. 'ಮೂರು ಮೂಲೆಯ ಹೊಲ ಯಾರಾದರೂ ಇಟ್ಟುಕೊಳ್ಳುತ್ತಾರೇನೋ?' ಎಂದು ಕೇಳುತ್ತಿದ್ದರು. ಆ ಕಾಲಕ್ಕೆ ಮಂಡ್ಯದ ಕಡೆ ಹೊಸ ನಾಲೆ ಬಂದು, ಚೌಕವಾಗಿದ್ದ ಗದ್ದೆಗಳನ್ನೆಲ್ಲ ಓರೆಯಾಗಿ ಸೀಳಿಕೊಂಡು ಹೋಗಿತ್ತು. ಕಬ್ಬು ಬೆಳೆಯುವವರ ಪಾಲಿಗೆ ಮೂರು ಮೂಲೆಯ ಚೂರುಗಳು ಬೇಕಾದಷ್ಟು ಉಳಿದಿದ್ದವು. ನಾನು ಅದನ್ನು ಹೇಳಿದೆ. ಸರಿ, ಅಂದಿನಿಂದ ನಮ್ಮ ಪಠ್ಯಪುಸ್ತಕದ ತ್ರಿಭುಜಗಳಿಗೆಲ್ಲ ಒಡೆಯರು ಹುಟ್ಟಿಕೊಂಡರು. ಕರ್ಣವೆಲ್ಲ ನಾಲೆಯಾಯಿತು, ಲಂಬವೆಲ್ಲ ಮೂಲೆಯಲ್ಲಿದ್ದ ಗುಡಿಸಲಿನಿಂದ ನಾಲೆಗೆ ನೀರು ತರಲು ಹೋಗುವ ಹತ್ತಿರದ ದಾರಿಯಾಯಿತು. ಅಮ್ಮ ಕೂಡ ಒಳಗಿನಿಂದ, 'ಪಾಪ, ಆ ಮೂಲೆಯವಳಿಗೆ ನೀರು ಎಷ್ಟು ದೂರ ಬಂತು ಇವತ್ತು?' ಎಂದು ವಿಚಾರಿಸಿಕೊಳ್ಳುತ್ತಿದ್ದಳು.

ಇಷ್ಟರವರೆಗೆ ಎಲ್ಲವೂ ಸುಸೂತ್ರ. ಕಷ್ಟ ಬಂದದ್ದು ದಶಾಂಶದಿಂದ. ಪರೀಕ್ಷಕರು ಲಂಬದ ಉದ್ದ ಕೇಳಿ ಸುಮ್ಮನಿರುವುದಿಲ್ಲ. 'ಉತ್ತರವನ್ನು ಹತ್ತಿರದ ಪೂರ್ಣ ಗಜಕ್ಕೆ ತಂದು ಬರೆಯಿರಿ' ಎಂದು ಬಾಲ ಸೇರಿಸುತ್ತಾರೆ. ಆ ಬಾಲಕ್ಕೇ ಅರ್ಧದಷ್ಟು ಅಂಕ. ಮೂರು, ನಾಲ್ಕು ಗಜದ ಬದಿಗಳು, ಕರ್ಣ ಐದು, ಲಂಬ ಎರಡು ಪಾಯಿಂಟ್ ನಾಲ್ಕು. ಇಲ್ಲಿಯವರೆಗೆ ಅತ್ತಿಗೆಯ ಸ್ಲೇಟು ಮುತ್ತಿನಂತಿರುತ್ತಿತ್ತು. ಕೊನೆಯ ಸಾಲಿನಲ್ಲಿ ಮಾತ್ರ 'ಮೂರು ಗಜ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದುಬಿಡುತ್ತಿದ್ದರು. ಎಂಟು, ಹದಿನೈದರ ಲೆಕ್ಕದಲ್ಲಿ ಏಳರ ಮೇಲೆ ಒಂದಿಷ್ಟು ಚೂರು ಬರುತ್ತದೆ, ಇರುವೆಯ ಕಾಲಿನಷ್ಟು ಚೂರು, ಅದಕ್ಕೂ ಎಂಟು.

'ಅತ್ತಿಗೆ, ಅರ್ಧಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಬೇಕು' ಅಂದೆ.

'ಬಿಡೋದು ಅಂದರೆ? ಅಳತೆಗಿಂತ ಕಡಿಮೆ ಕೊಡೋದೇನೋ?' ಎಂದು ಅವರು ಗಾಬರಿಯಿಂದ ನೋಡಿದರು.

ಅದೇ ಹೊತ್ತಿಗೆ ಹಿತ್ತಲ ಬಾಗಿಲಿಗೆ ಮೊಸರಿನ ನಿಂಗಮ್ಮ ಬರಬೇಕೇ! ನಮ್ಮ ಕಡೆ ಮೊಸರಾಗಲಿ ಕಾಳಾಗಲಿ ಅಳೆದು ಕೊಟ್ಟ ಮೇಲೆ, ಅಳತೆಯ ಹೊರಗೆ ಒಂದು ಚೂರು ಹೆಚ್ಚಿಗೆ ಹಾಕದೆ ಯಾರೂ ಎದ್ದುಹೋಗುವುದಿಲ್ಲ. ಅದೇ ಕೊಸರು. ಕೇಳಿ ಪಡೆಯುವುದೂ ಉಂಟು, ಕೇಳದೆ ಸುರಿಯುವುದೂ ಉಂಟು. ನಿಂಗಮ್ಮ ಪಾವು ತುಂಬ ಮೊಸರು ಹಾಕಿ, ಅದರ ಮೇಲೆ ಗಡಿಗೆಯನ್ನು ಇನ್ನೊಮ್ಮೆ ಬಗ್ಗಿಸಿದಳು. ಅತ್ತಿಗೆ ನನ್ನ ಕಡೆ ತಿರುಗಿ, 'ನೋಡಿದೆಯಾ?' ಅಂದರು. ಸಂಗತಿ ಏನೆಂದು ಕೇಳಿಕೊಂಡ ನಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನನಗೇ ಬುದ್ಧಿ ಹೇಳಿದಳು: 'ಅದೇನ್ ಮೇಷ್ಟ್ರೇ, ಇಂಗಾ ಏಳ್ಕೊಡೋದು ನೀವು? ಕೊಸ್ರು ಆಕ್ದೆ ಓದ್ರೆ ಎಮ್ಮೆ ಬತ್ತೋಯ್ತದೆ ಕಣ್ರಪ್ಪ. ಅವ್ವಾರೇ, ನೀವು ಆಕಿ, ಅವ್ರ ಮಾತ್ ಕಟ್ಕಬ್ಯಾಡಿ.' ಒಂದು ಕಡೆ ವಿದ್ಯಾ ಇಲಾಖೆ, ಇನ್ನೊಂದು ಕಡೆ ನಿಂಗಮ್ಮನ ಎಮ್ಮೆ. ನಾನು ಮಧ್ಯೆ ಕೂತು ಮಣೆಯ ಮೊಳೆ ಕೀಳುತ್ತಿದ್ದೆ.

ಎಷ್ಟೋ ದಿನ ವಾದ ಮಾಡಿದೆ. ಅತ್ತಿಗೆಯ ವಾದವೂ ಹುರುಳಿಲ್ಲದ್ದಲ್ಲ. 'ಮೂಲೆಯವಳು ನಾಲೆಯವರೆಗೆ ಕೆಸರಿನ ಮೇಲೆ ಹಲಗೆ ಹಾಸಬೇಕು ಅಂತ ಇಟ್ಟುಕೋ. ಎರಡು ಪಾಯಿಂಟ್ ನಾಲ್ಕು ಗಜ ದೂರ. ನಿನ್ನ ಮಾತು ಕೇಳಿ ಎರಡೇ ಗಜ ಹಲಗೆ ತಂದಳು ಅಂದರೆ ಕೊಡ ಹೊತ್ತುಕೊಂಡು ಎಲ್ಲಿ ಬೀಳ್ತಾಳೆ?' ಎಂದು ಕೇಳುತ್ತಿದ್ದರು. ಬದುಕಿನಲ್ಲಿ ಅವರದೇ ಸರಿ; ಪರೀಕ್ಷೆಯಲ್ಲಿ ಮಾತ್ರ ನನ್ನದು. ಆದರೆ ಪಾಸು ಮಾಡುವವರು ನಾಲೆಯ ದಡದಲ್ಲಿ ಕೂತಿರುವುದಿಲ್ಲವಲ್ಲ! ನನಗೆ ಸಿಟ್ಟು ಬೇಗ ಬರುತ್ತದೆ. ಒಂದು ಸಂಜೆ ಸ್ಲೇಟನ್ನು ಪಕ್ಕಕ್ಕೆ ಸರಿಸಿ, 'ಹೀಗೇ ಬರೆದರೆ ಶ್ಯಾನುಭೋಗರ ಗಾಡಿ ಬಾಗಿಲಿಗೆ ಬಂತು ಅಂತಲೇ ತಿಳಿಯಿರಿ' ಅಂದುಬಿಟ್ಟೆ. ಅತ್ತಿಗೆ ಸೆರಗಿನಿಂದ ಸ್ಲೇಟು ಒರೆಸಿ ಅದೇ ಲೆಕ್ಕವನ್ನು ಮೊದಲಿನಿಂದ ಮಾಡಿದರು. ಕೊನೆಯ ಸಾಲಿಗೆ ಬಂದಾಗ ಅವರ ಪೆನ್ಸಿಲು ಬಹಳ ಹೊತ್ತು ನಿಂತಿತು. ಆಮೇಲೆ ಮತ್ತೆ ಮೂರೇ ಬರೆದರು. ಇಷ್ಟು ವರ್ಷ ಎಲ್ಲರಿಗೂ ಒಂದು ಹಿಡಿ ಹೆಚ್ಚಿಗೇ ಬಡಿಸಿಕೊಂಡು ಬಂದ ಕೈ ಅದು. ನಾನು ಹೆದರಿಸಿದರೆ ಬಗ್ಗೀತೇ?

ದಾರಿ ಕಂಡದ್ದೂ ಅವರಿಗೇ. ಇನ್ನೊಂದು ದಿನ ಸಾರು ಕುದಿಯುತ್ತಿತ್ತು. ಅತ್ತಿಗೆ ಮರಿಗೆಯಿಂದ ಉಪ್ಪು ತೆಗೆದು, ಅಂಗೈಯಲ್ಲಿ ತೂಗಿ ನೋಡಿ, ನಾಲ್ಕು ಹರಳು ವಾಪಸು ಹಾಕಿದರು. ನಾನು ಸುಮ್ಮನೆ ಕೆಣಕಲೆಂದು, 'ಏನತ್ತಿಗೆ, ಉಪ್ಪಿಗೆ ಕೊಸರು ಇಲ್ಲವೋ?' ಅಂದೆ.

'ಉಪ್ಪಿಗೆ ಯಾರಾದರೂ ಕೊಸರು ಹಾಕ್ತಾರೇನೋ ಪೆದ್ದೆ! ಉಪ್ಪು ಯಾವಾಗಲೂ ಒಂದು ಚೂರು ಕಡಿಮೆಯೇ' ಅಂದವರು ಕೈಯನ್ನು ಹಾಗೇ ಹಿಡಿದು ನಿಂತರು. ನಿಂತು ನಗಲು ಶುರುಮಾಡಿದರು. ಅಣ್ಣ ಹೋದ ಮೇಲೆ ಅವರು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. 'ಅಯ್ಯೋ ಶೀನೂ, ಇದನ್ನು ಮೊದಲೇ ಹೇಳಬಾರದಾಗಿತ್ತೇನೋ? ಅರ್ಧ ಮುಟ್ಟದೆ ಹೋದದ್ದು ಉಪ್ಪು, ಬಿಡಬೇಕು. ಅರ್ಧ ದಾಟಿದ್ದು ಅಕ್ಕಿ, ತುಂಬಿಸಬೇಕು. ಇಷ್ಟೇ ತಾನೆ ನಿನ್ನ ವಿದ್ಯೆ?'

'ಸರಿಯಾಗಿ ಅರ್ಧವೇ ಇದ್ದರೆ?' ಎಂದು ಕೇಳಿದೆ. ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ?

'ಹೊಸ್ತಿಲವರೆಗೆ ಬಂದವರನ್ನು ಒಳಗೆ ಕರೀಬೇಕು. ಅದೂ ಅಕ್ಕಿಯೇ' ಅಂದರು.

ಆ ಸಂಜೆ ಪುಸ್ತಕದಲ್ಲಿದ್ದ ಲಂಬದ ಲೆಕ್ಕಗಳೆಲ್ಲ ಮುಗಿದುಹೋದವು. ಒಂದೊಂದರ ಕೊನೆಗೂ ಅತ್ತಿಗೆ 'ಉಪ್ಪು', 'ಅಕ್ಕಿ' ಎಂದು ಮೆಲ್ಲಗೆ ಹೇಳಿಕೊಂಡು ಉತ್ತರ ಬರೆಯುತ್ತಿದ್ದರು. ಒಂದೂ ತಪ್ಪಲಿಲ್ಲ. ಸಾರು ಮಾತ್ರ ಹಿಂಗಿಹೋಗಿ, ನಾವು ಮೂವರೂ ಮಜ್ಜಿಗೆಯನ್ನದಲ್ಲಿ ಊಟ ಮುಗಿಸಿದೆವು.

ಪರೀಕ್ಷೆ ಮಂಡ್ಯದಲ್ಲಿ. ಹೆಂಗಸರಿಗೆಂದು ಬೇರೆ ಕೋಣೆ ಮಾಡಿದ್ದರು. ಅತ್ತಿಗೆ ಒಳಗೆ ಹೋದ ಮೇಲೆ ನಾನು ಹೊರಗಿನ ಹುಣಸೆಮರದ ಕೆಳಗೆ ಕೂತು, ಎದ್ದು, ಮತ್ತೆ ಕೂತು, ಆಳುಮಗನೊಬ್ಬ ಬಂದು 'ಸ್ವಾಮಿ, ಹೊಟ್ಟೆನೋವೇ?' ಎಂದು ಕೇಳುವವರೆಗೆ ಒದ್ದಾಡಿದೆ. ಗಣಿತದ ಪತ್ರಿಕೆ ಮುಗಿಸಿ ಅವರು ಹೊರಗೆ ಬಂದದ್ದೇ ತಡ, ಪ್ರಶ್ನೆಪತ್ರಿಕೆ ಕಿತ್ತುಕೊಂಡೆ. ಇದ್ದೇ ಇತ್ತು: ಲಂಬಕೋನದ ತೋಟ, ಬದಿಗಳು ಇಪ್ಪತ್ತು ಮತ್ತು ಇಪ್ಪತ್ತೊಂದು ಗಜ, ಮೂಲೆಯಿಂದ ಕರ್ಣಕ್ಕೆ ಲಂಬ, ಹತ್ತಿರದ ಪೂರ್ಣ ಗಜಕ್ಕೆ. ಕರ್ಣ ಇಪ್ಪತ್ತೊಂಬತ್ತು ಎಂದು ಮನಸ್ಸಿನಲ್ಲೇ ಮಾಡಿದೆ. ಲಂಬ ಹದಿನಾಲ್ಕು ಪಾಯಿಂಟ್ ನಾಲ್ಕು ಎಂಟು.

'ಎಷ್ಟು ಬರೆದಿರಿ?'

'ಹದಿನಾಲ್ಕು.'

'ಅತ್ತಿಗೆ! ಎಂಟು ದೊಡ್ಡದು, ಅದು ಹಿಂದಿನ ನಾಲ್ಕನ್ನು ಐದು ಮಾಡುತ್ತೆ. ಐದು ಅಂದರೆ ಅರ್ಧ. ಅರ್ಧ ಅಂದರೆ ಅಕ್ಕಿ ಅಂತ ನೀವೇ ಹೇಳಿದ್ದಿರಿ. ಹದಿನೈದು ಆಗಬೇಕಿತ್ತು!'

ಮಳವಳ್ಳಿಯ ಬಸ್ಸು ಹತ್ತಿದ ಮೇಲೂ ನಾನು ಇದನ್ನೇ ಹೇಳುತ್ತಿದ್ದೆ. ಉಳಿದ ಲೆಕ್ಕಗಳಲ್ಲಿ ಎರಡನ್ನು ಅವರು ಸಮಯ ಸಾಲದೆ ಬಿಟ್ಟಿದ್ದರು. ಹಾಗಾಗಿ ಪಾಸು ನಪಾಸು ಈ ಒಂದು ಗಜದ ಮೇಲೆಯೇ ನಿಂತಿದೆ ಎಂದು ನನಗೆ ತೋರಿತು. ನಮ್ಮ ಮುಂದಿನ ಸೀಟಿನಲ್ಲಿ ಕಬ್ಬಿನ ಜಲ್ಲೆ ಹಿಡಿದು ಕೂತಿದ್ದ ಗೌಡರೊಬ್ಬರು ನನ್ನ ಮುಖ ನೋಡಲಾರದೆ ತಿರುಗಿ, 'ಯಾಕ್ ಸಾಮಿ, ಮೊಕ ಇಂಗ್ ಮಾಡ್ಕಂಡಿದ್ದೀರಿ? ಏನಾರ ಕೆಟ್ಟದ್ದಾಯ್ತಾ?' ಎಂದು ಕೇಳಿದರು.

'ಇಲ್ಲ ಗೌಡರೇ. ಹದಿನಾಲ್ಕಾಯಿತು. ಹದಿನೈದಾಗಬೇಕಿತ್ತು.'

ಗೌಡರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. 'ಅದ್ನಾಲ್ಕಾ! ನಮ್ಮಟ್ಟೀಲಿ ಆರ್ ಮಕ್ಳವೆ, ಅದ್ಕೇ ಸಾಕಾಗೋಗದೆ. ಇನ್ನೊಂದ್ ಯಾಕ್ ಬುಡಿ ಸಾಮಿ' ಎಂದು ಸಮಾಧಾನ ಹೇಳಿ ಮುಂದಕ್ಕೆ ತಿರುಗಿಕೊಂಡರು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ಮುಖ ಮಾಡಿದರು. ಅವರ ಭುಜ ಅಲುಗುತ್ತಿತ್ತು. ನನಗೆ ನಗು ಬರಲಿಲ್ಲ.

ನಗು ಇಳಿದ ಮೇಲೆ ಅವರು ಸಮಾಧಾನವಾಗಿ ಹೇಳಿದರು: 'ಶೀನೂ, ನೂರಕ್ಕೆ ನಲವತ್ತೆಂಟು ಅರ್ಧ ಮುಟ್ಟಿತೇನೋ? ಮುಟ್ಟಲಿಲ್ಲ. ನೀನು ಎಂಟನ್ನು ಹಿಡಿದು ನಾಲ್ಕಕ್ಕೆ ಒಂದು ಕೊಸರು ಹಾಕಿದೆ. ಆ ಕೊಸರನ್ನೇ ಹಿಡಿದುಕೊಂಡು ಹದಿನಾಲ್ಕಕ್ಕೆ ಇನ್ನೊಂದು ಕೊಸರು ಕೇಳ್ತಿದ್ದೀಯ. ಕೊಸರಿನ ಮೇಲೆ ಕೊಸರು ನಿಂಗಮ್ಮನೂ ಹಾಕಲ್ಲ.' ನಾನು ಒಪ್ಪಲಿಲ್ಲ. ಮೇಷ್ಟರು ಬಸ್ಸಿನಲ್ಲಿ ಒಪ್ಪಿಕೊಳ್ಳುವ ಪದ್ಧತಿಯಿಲ್ಲ. ಮದ್ದೂರಿನಲ್ಲಿ ಬಸ್ಸು ನಿಂತಿತು. ವಡೆಯವನು ಕಿಟಕಿಯ ಬಳಿ ಬಂದರೂ ನನಗೆ ಬೇಡವಾಯಿತು. ಅತ್ತಿಗೆ ಮಾತ್ರ ಕತ್ತು ಚಾಚಿ, ರಸ್ತೆಯಾಚೆಯ ಹೆಂಚಿನ ಕಟ್ಟಡವನ್ನು ನೋಡುತ್ತಾ, 'ಅದೇ ಏನೋ ಹೆಣ್ಣುಮಕ್ಕಳ ಶಾಲೆ?' ಎಂದು ಕೇಳಿದರು. ಹೌದೆಂದೆ. ಬಸ್ಸು ಹೊರಟು ತಿರುವು ದಾಟುವವರೆಗೂ ಅವರು ಅದನ್ನೇ ನೋಡುತ್ತಿದ್ದರು.

ಮಾರನೆಯ ದಿನ ಶಾಲೆಗೆ ಹೋದವನೇ ನಮ್ಮ ಹೆಡ್ ಮೇಷ್ಟರ ಕೋಣೆಗೆ ನುಗ್ಗಿ ಎಲ್ಲವನ್ನೂ ತೋಡಿಕೊಂಡೆ. ಅವರು ನಶ್ಯದ ಡಬ್ಬಿ ಮುಚ್ಚಿಟ್ಟು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. 'ರೀ ಶ್ರೀನಿವಾಸಯ್ಯ, ಮೂಲ ಸಂಖ್ಯೆ ನೋಡಿ ಒಂದೇ ಸಲ ಸರಿಮಾಡಬೇಕೇ ಹೊರತು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿಕೊಂಡು ಹೋಗೋದುಂಟೇ? ನಿಮ್ಮ ಅತ್ತಿಗೆಯವರು ಬರೆದದ್ದೇ ಸರಿ. ಈ ವಿಷಯ ಇಲ್ಲಿಗೇ ಇರಲಿ. ಹುಡುಗರ ಕಿವಿಗೆ ಬಿದ್ದೀತು' ಅಂದರು. ನನಗೆ ಆದ ಅವಮಾನವೇನೋ ದೊಡ್ಡದೇ. ಆದರೆ ಕೋಣೆಯಿಂದ ಹೊರಗೆ ಬಂದವನು ಜಗುಲಿಯ ಕಂಬ ಹಿಡಿದು ನಿಂತು ಒಬ್ಬನೇ ನಕ್ಕೆ. ಇಷ್ಟು ಸಂತೋಷವಾಗಿ ಯಾವ ಮೇಷ್ಟರೂ ತಪ್ಪು ಮಾಡಿರಲಾರರು. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಓಡಿಹೋಗಿ ಹೇಳಿದೆ. ಅತ್ತಿಗೆ, 'ಸರಿ, ಕೈಕಾಲು ತೊಳೆದುಕೊಂಡು ಬಾ' ಅಂದರು.

ಪಾಸಾದರು. ಮದ್ದೂರಿನ ಕೆಲಸವೂ ಸಿಕ್ಕಿತು, ಶಾಲೆಯ ಹಿಂದೆಯೇ ಇರಲು ಒಂದು ಕೋಣೆಯೂ ಸಿಕ್ಕಿತು. ಗಣಿತದಲ್ಲಿ ಬಂದ ಅಂಕವನ್ನು ನೋಡಿ ಶ್ಯಾನುಭೋಗರೇ ಬೆರಗಾಗಿ, ಗಾಡಿ ಕಟ್ಟಿಸಿಕೊಂಡೇ ಬಂದರು, ತಂಗಿಯನ್ನು ಮದ್ದೂರಿನ ಶಾಲೆಗೆ ಮುಟ್ಟಿಸುವುದಕ್ಕೆ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ 'ನಮ್ಮ ತಂಗಿ, ಮೇಷ್ಟ್ರಮ್ಮ' ಎಂದು ಪರಿಚಯ ಹೇಳಿದರಂತೆ. ಅತ್ತಿಗೆ ಹೊರಡುವಾಗ ಅಮ್ಮನ ಕಾಲಿಗೆ ನಮಸ್ಕಾರ ಮಾಡಿದರು. ನಿಂಗಮ್ಮ ಹಿತ್ತಲಿನಿಂದ ಬಂದು, 'ಓಗ್ಬುಟ್ಟು ಬನ್ನಿ ಅವ್ವಾರೇ, ಎಣ್‌ಮಕ್ಳಿಗೆಲ್ಲ ಸಂದಾಗ್ ಏಳ್ಕೊಡಿ' ಎಂದು ಕಣ್ಣೊರೆಸಿಕೊಂಡಳು. ನಾನು ಹೆಮ್ಮೆಯಿಂದ ಬೀಗುತ್ತಾ ಪುಸ್ತಕದ ಗಂಟನ್ನು ಗಾಡಿಗೆ ಎತ್ತಿಟ್ಟೆ. ಬೀದಿಯ ಕೊನೆಯಲ್ಲಿ ಗಾಡಿ ಮರೆಯಾಗುವವರೆಗೂ ನಿಂತಿದ್ದು, ಊರವರೆಲ್ಲರ ಅಭಿನಂದನೆ ಸ್ವೀಕರಿಸಿ ಒಳಗೆ ಬಂದೆ.

ಮಾರನೆಯ ಬೆಳಿಗ್ಗೆ ಅಮ್ಮ ಹಾಸಿಗೆಯಿಂದಲೇ, 'ಕಮಲೂ, ಕಾಫಿ ಆಯಿತೇನೇ?' ಎಂದು ಕೂಗಿದಳು. ಯಾರೂ ಓಗೊಡಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಒಲೆ ತಣ್ಣಗಿತ್ತು. ಅಷ್ಟು ತಿಂಗಳು ಅಂಕ ಕೂಡಿಸಿ, ಕಳೆದು, ಕಂಡ ಕಂಡ ದೇವರಿಗೆಲ್ಲ ಕೈಮುಗಿದವನಿಗೆ, ಅತ್ತಿಗೆ ಪಾಸಾದರೆ ಅತ್ತಿಗೆ ಮನೆಯಲ್ಲಿ ಇರುವುದಿಲ್ಲ ಎಂಬ ಒಂದು ಲೆಕ್ಕ ಮಾತ್ರ ಹೊಳೆದೇ ಇರಲಿಲ್ಲ. ನನಗೆ ಅಳು ಬಂತು. ಸೌದೆಯ ಹೊಗೆ ಎಂದುಕೊಳ್ಳೋಣವೆಂದರೆ ಇನ್ನೂ ಒಲೆ ಹತ್ತಿಸಿರಲಿಲ್ಲ. ಕೊನೆಗೆ ಹೇಗೋ ಒಲೆ ಹತ್ತಿಸಿ, ತಿಳಿದಂತೆ ಕಾಫಿ ಕಾಯಿಸಿ ಅಮ್ಮನ ಮುಂದೆ ಇಟ್ಟೆ. ಅಮ್ಮ ಒಂದು ಗುಟುಕು ಕುಡಿದಳು. ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

'ಭಾನುವಾರ ಬಸ್ಸು ಹತ್ತಿ ಮದ್ದೂರಿಗೆ ಹೋಗಪ್ಪ,' ಅಂದಳು. 'ನಿಮ್ಮತ್ತಿಗೆ ಹತ್ತಿರ ನೀನೂ ಪಾಠಕ್ಕೆ ಕೂತ್ಕೋ. ಈ ಸಲ ನೀನು ನಪಾಸು.'

ಭಾನುವಾರ ಹೋದೆ.